ಬಾಕಿ

ಕೌಲ್ ಬಜಾರಿನ ನಮ್ಮ ಗಲ್ಲಿಯಲ್ಲಿ
ಮೋರಿಯ ನೀರೂ ನೀಲಿ.
ಜೀನ್ಸ್ ತೊಳೆದ ನೀರು. ಹುಡುಗರು ಕಾಗದದ ದೋಣಿ ಬಿಟ್ಟರೆ
ಆ ತುದಿ ಮುಟ್ಟುವಷ್ಟರಲ್ಲಿ ದೋಣಿಯೂ ನೀಲಿ.
ನನ್ನ ಉಗುರಿನ ಸಂದಿಯೂ.
ದಿನಕ್ಕೆ ನಲವತ್ತು ಪ್ಯಾಂಟು, ಕಿತ್ತಳೆ ದಾರದ ಜೋಡಿ ಹೊಲಿಗೆ,
ಇಪ್ಪತ್ತಾರು ವರ್ಷ.

ಇಂಥ ಕೈಗೆ
ಪ್ರತಿ ಜನವರಿಯ ಮೂರನೇ ವಾರ
ಗಾದಿಲಿಂಗಪ್ಪ ತನ್ನ ಕೋಟು ಕೊಡುತ್ತಿದ್ದ,
ಆಮೇಲೆ ಕರ್ಚೀಫಿನ ಗಂಟು ಬಿಚ್ಚಿ
ಪದಕ.

ಅದರ ರಿಬ್ಬನ್ನು ಅರ್ಧ ಕಡುನೀಲಿ, ಅರ್ಧ ಕೇಸರಿ.
"ನಿನ್ನ ಅಂಗಡಿ ಬಣ್ಣಾನೇ ನೋಡಮ್ಮ ಮಾಬುನ್ನಿ,
ದಿಲ್ಲಿಯೋರು ನಿನ್ನ ಕೇಳ್ದೆ ಕದ್ದಾರೆ."
ಬಳ್ಳಾರಿ ಬಿಸಿಲಿಗೆ ನೀಲಿ ತಡೆದಿತ್ತು,
ಕೇಸರಿ ಸೋತು ಗೋಧಿಹಿಟ್ಟಿನ ಬಣ್ಣಕ್ಕೆ ಬಂದಿತ್ತು.
ಮಿಲಿಟರಿ ಕ್ಯಾಂಟೀನಿನಾಗೆ ಹೊಸದು ಸಿಗ್ತೈತಲ್ಲ ತಾತಾ?
"ಸಿಗ್ತೈತೆ. ಇದನ್ನ ನಮ್ಮವ್ವ ಮುಟ್ಟ್ಯಾಳೆ."

ಎತ್ತರದ ಆಳಲ್ಲ. ಎಡಗಾಲು ಕೊಂಚ ಎಳೆಯುತ್ತಿತ್ತು.
ಅಕ್ಕಿ ಗಿರಣಿಯಲ್ಲಿ ವಾಚ್‌ಮನ್ ಆಗಿದ್ದಾಗ
ಲಾರಿಯವರು ಸಾರ್ ಅಂದರೆ
ಹಿಂದೆ ತಿರುಗಿ ನೋಡುತ್ತಿದ್ದನಂತೆ, ಯಾರು ಬಂದರೋ ಎಂದು.

ಒಂದು ಸಲ ಕರೆಂಟು ಹೋಗಿತ್ತು.
ಆಗ ಹೇಳಿದ. ನಾನು ಕೇಳಿರಲಿಲ್ಲ.
ಎಪ್ಪತ್ತೊಂದರ ಡಿಸೆಂಬರು, ಕೊಯ್ದ ಭತ್ತದ ಗದ್ದೆ,
"ನಮ್ಮ ಸಿರುಗುಪ್ಪದ್ದೇ ಅನ್ಬೇಕು, ಕೂಳೆ ಹಂಗೇ ಚುಚ್ತಿತ್ತು."
ಆಚೆ ಬದುವಿನಲ್ಲಿ ಮಷಿನ್‌ಗನ್ನು. ಈಚೆ ಇವರು.
ನಡುವೆ ಮೂವರು ಬಿದ್ದಿದ್ದರು.

ತೆವಳಿಕೊಂಡು ಹೋಗಿ ಒಬ್ಬನನ್ನು ತಂದ.
ಮತ್ತೆ ಹೋದ. ಎರಡನೆಯವನು ಹೊಟ್ಟೆ ಹಿಡಿದುಕೊಂಡು
ಯಾವುದೋ ಭಾಷೆಯಲ್ಲಿ ಬೈಯುತ್ತಲೇ ಬಂದ.
ಅಷ್ಟರಲ್ಲಿ ಇವನ ತೊಡೆಗೂ ಬಿದ್ದಿತ್ತು.
ಮೂರನೆಯವನು ಸತ್ತಿದ್ದ. ಇಲ್ಲಿಂದಲೇ ಕಾಣುತ್ತಿತ್ತು, ಸತ್ತಿದ್ದು.
ಸುಬೇದಾರ ಬೇಡ ಅಂದ.
ಹೋದ.

ಪತ್ರದಲ್ಲಿ ಬರೆದಿದ್ದಾರೆ: ಪ್ರಾಣದ ಹಂಗು ತೊರೆದು,
ಗುಂಡಿನ ಮಳೆಯಲ್ಲಿ. ಗಾಜು ಹಾಕಿಸಿ ಗೋಡೆಗೆ ತೂಗಿದ್ದಾರೆ,
ನಾನೂ ಓದಿದ್ದೇನೆ.
"ಮಳೆ ಎಲ್ಲಿ ಬಂತು? ಮಳೆ ಆದ್ರೆ ಎಲ್ಲಾ ಕಡೆ ಬೀಳ್ತೈತೆ.
ಇದು ನನ್ನನ್ನೇ ಹುಡುಕ್ತಿತ್ತು."

ಸತ್ತವನ್ನ ತರೋಕೆ ಯಾಕೆ ಹೋದೆ?
ಸೂಜಿಗೆ ದಾರ ಪೋಣಿಸುತ್ತ ಕೇಳಿದೆ, ಮುಖ ನೋಡದೆ.
ಅವನು ಬೀದಿ ನೋಡಿದ, ಬಹಳ ಹೊತ್ತು.
"ಹನ್ನೊಂದು ರೂಪಾಯಿ ಕೊಡೋದಿತ್ತು ಅವನಿಗೆ.
ಇಸ್ಪೀಟ್ನಾಗೆ ಸೋತಿದ್ದೆ."

ಆಮೇಲೆ ಪ್ರತಿ ಡಿಸೆಂಬರಿಗೆ
ಸತ್ತವನ ಅವ್ವನ ಹೆಸರಿಗೆ ಮನಿಯಾರ್ಡರು, ಹನ್ನೊಂದೇ ರೂಪಾಯಿ.
ಒಂದು ಸಲಕ್ಕೇ ತೀರ್ತಲ್ಲ ತಾತಾ, ಅಂದರೆ
"ತೀರಿದ್ರೆ ಆಮೇಲೇನು ಮಾಡ್ಲಿ" ಅಂದ.
ಹತ್ತೊಂಬತ್ತನೇ ವರ್ಷ ವಾಪಸು ಬಂತು, ಪಡೆಯುವವರಿಲ್ಲ.

ಅಷ್ಟರಲ್ಲಿ ಕರೆಂಟು ಬಂದು
ಆರೂ ಮಷಿನುಗಳು ಒಮ್ಮೆಗೇ ಕಟಕಟಕಟ ಎಂದವು.
ತಾತ ತಟ್ಟನೆ ತಲೆ ತಗ್ಗಿಸಿದ.
ನಾನು ಗುಂಡಿ ಎಣಿಸುತ್ತ ಕೂತೆ.

ಹೋದ ವರ್ಷ ಕೇಸರಿಯ ಅರ್ಧ ಹರಿದೇ ಬಂತು.
ಪ್ಯಾಂಟಿನ ಕಿತ್ತಳೆ ದಾರದಲ್ಲೇ ಒತ್ತೊತ್ತಾಗಿ ರಫೂ ಮಾಡಿದೆ.
ಧ್ವಜದ ಕೆಳಗೆ ದೊಡ್ಡವರು ಬಂದು ಕೈ ಕುಲುಕಿದರಂತೆ,
ಒಬ್ಬರಿಗೂ ಗೊತ್ತಾಗಲಿಲ್ಲವಂತೆ.
"ನಿನ್ನ ದಾರಕ್ಕೂ ಸಲ್ಯೂಟ್ ಬಿತ್ತು ನೋಡಮ್ಮ."
ಐವತ್ತರ ನೋಟು ಕೊಟ್ಟ. ಹೊಲಿಗೆ ನಲವತ್ತು. ಚಿಲ್ಲರೆ ಇರಲಿಲ್ಲ.
ಮುಂದಿನ ವರ್ಷಕ್ಕೆ ಹಿಡ್ಕೋ, ಅಂದ.

ಏಪ್ರಿಲಿನಲ್ಲಿ ಹೋದ.
ಬಂದೂಕು ಮೂರು ಸಲ ಹಾರಿತು,
ಕೋಟೆಯ ಬೆಟ್ಟಕ್ಕೆ ಬಡಿದು ಆರು ಸಲ ಕೇಳಿಸಿತು.
ಭಾಷಣ ಮಾಡಿದವರು ಮಳೆ ಅಂದರು, ಗುಂಡಿನ ಮಳೆ.

ಹತ್ತು ರೂಪಾಯಿ ನನ್ನ ಬಾಬಿನ್ ಡಬ್ಬಿಯಲ್ಲಿದೆ.
ಅವನ ಮಗಳು ಈ ಗಲ್ಲಿಯಲ್ಲೇ ಹಾಯುತ್ತಾಳೆ, ವಾರಕ್ಕೆರಡು ಸಲ.
ಕರೆದು ಕೊಡಬಹುದು.
ಕೊಡುವುದಿಲ್ಲ.